ತಲೆಗೆ ಪೆಟ್ಟಾದರೆ ಎಕ್ಸ್-ರೇ ಸಾಕಾ? ಸತ್ಯಾಂಶ ಇಲ್ಲಿದೆ

"ತಲೆಗೆ ಪೆಟ್ಟಾದರೆ ಎಕ್ಸ್-ರೇ ಸಾಕು. ಸಿಟಿ ಸ್ಕ್ಯಾನ್ ಸುಮ್ನೆ ದುಡ್ಡಿಗೆ, ವಿಕಿರಣದ ಅಪಾಯ ಬೇರೆ." ಈ ಮೆಸೇಜ್ ನಂಬಿ ಸ್ಕ್ಯಾನ್ ಬೇಡ ಅಂದರೆ ಜೀವಕ್ಕೇ ಕುತ್ತು ಬರಬಹುದು.

ಎಕ್ಸ್-ರೇಯಲ್ಲಿ ಮುಖ್ಯವಾಗಿ ಕಾಣುವುದು ಮೂಳೆ. ಮಿದುಳಿನ ಸುತ್ತ ರಕ್ತ ಸೋರಿದ್ದರೆ ಕಾಣುವುದಿಲ್ಲ. ಬುರುಡೆ ಬಿರುಕು ಬಿಡದೆಯೂ ಒಳಗೆ ರಕ್ತಸ್ರಾವ ಆಗಬಹುದು. ಕೆಲವರು ಪೆಟ್ಟಾದ ಮೇಲೆ ಎದ್ದು ಕೂತು, ಚೆನ್ನಾಗಿಯೇ ಮಾತಾಡಿ, ಕೆಲವು ಗಂಟೆಗಳ ನಂತರ ಪ್ರಜ್ಞೆ ತಪ್ಪುತ್ತಾರೆ. ಬುರುಡೆಗೂ ಮಿದುಳಿನ ಹೊರಪೊರೆಗೂ ನಡುವೆ ರಕ್ತ ತುಂಬುತ್ತಾ ಮಿದುಳನ್ನು ಒತ್ತಿದಾಗ ಹೀಗಾಗುತ್ತದೆ. ಸಿಟಿಯಲ್ಲಿ ಹೊಸ ರಕ್ತ ಬೆಳ್ಳಗೆ ಎದ್ದು ಕಾಣುತ್ತದೆ, ಅದೂ ಕೆಲವೇ ನಿಮಿಷಗಳಲ್ಲಿ. ಎಂಆರ್‌ಐಗೆ ಇದಕ್ಕಿಂತ ಜಾಸ್ತಿ ಹೊತ್ತು ಬೇಕು.

ವಿಕಿರಣ ಇರುವುದು ನಿಜ. ತಲೆಯ ಒಂದು ಸಿಟಿಗೆ ಸುಮಾರು 2 ಮಿಲಿಸೀವರ್ಟ್ (ಮೈಗೆ ತಗಲುವ ವಿಕಿರಣವನ್ನು ಅಳೆಯುವ ಮಾನ). ಗಾಳಿ, ಮಣ್ಣು, ಆಕಾಶದಿಂದಲೇ ಒಬ್ಬರಿಗೆ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ಬರುತ್ತದೆ.

ಹಾಗಂತ ಪ್ರತಿ ಸಣ್ಣ ಏಟಿಗೂ ಸಿಟಿ ಬೇಕಿಲ್ಲ. ಮಕ್ಕಳಿಗಂತೂ ವೈದ್ಯರು ಯೋಚಿಸಿಯೇ ಹೇಳುತ್ತಾರೆ. ಆದರೆ ಮತ್ತೆ ಮತ್ತೆ ವಾಂತಿ, ಮಂಪರು, ಗೊಂದಲ, ಫಿಟ್ಸ್, ಕೈಕಾಲಿನಲ್ಲಿ ಬಲ ಇಲ್ಲದಿರುವುದು, ಇವುಗಳಲ್ಲಿ ಒಂದು ಕಂಡರೂ ತಡ ಮಾಡದೆ ತುರ್ತು ಚಿಕಿತ್ಸೆಗೆ ಕರೆದೊಯ್ಯಿರಿ. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರಾದರೆ ಅದನ್ನು ಮೊದಲೇ ವೈದ್ಯರಿಗೆ ಹೇಳಿ.