ಅಕ್ಕನ ಎಲೆ

ಹೋದ ಭಾನುವಾರ ಉಡುಪಿಯಲ್ಲಿ ನೆಂಟರ ಮದುವೆ. ಪಂಕ್ತಿಯಲ್ಲಿ ಹೋಳಿಗೆ ಬಂತು. ಬಡಿಸುವವನು ಅಕ್ಕನ ಎಲೆಗೆ ಬಗ್ಗುವಷ್ಟರಲ್ಲಿ ಎದುರು ಸಾಲಿನ ಮಾಮಿ, "ಅವಳಿಗೆ ಎಂತಕ್ಕೆ ಮಾರಾಯ, ಈಗಲೇ ಹೀಗಿದ್ದಾಳೆ!" ಅಂದರು. ನಾಲ್ಕು ಜನ ನಕ್ಕರು. ಅಕ್ಕ ಎಲೆಗೆ ಕೈ ಅಡ್ಡ ಹಿಡಿದಳು. ಹೋಳಿಗೆಯ ಪಾತ್ರೆ ಸಾಲಿನ ಕೊನೆ ಮುಟ್ಟಿದರೂ ಆ ಕೈ ತೆಗೆಯಲಿಲ್ಲ.

ಅಕ್ಕನಷ್ಟು ಬಾಯಿ ಕಟ್ಟಿದವರನ್ನು ನಾನು ಕಂಡಿಲ್ಲ. ಮಳೆಗಾಲದಲ್ಲೂ ಬೆಳಿಗ್ಗೆ 5ಕ್ಕೆ ಎದ್ದು ಕೊಡೆ ಹಿಡಿದು ಅಜ್ಜರಕಾಡಿನಲ್ಲಿ ನಡೆದಳು. ಗೋಳಿಬಜೆ, ಬನ್ಸ್ ಮುಟ್ಟಲಿಲ್ಲ. 8 ತಿಂಗಳಲ್ಲಿ 14 ಕಿಲೋ ಇಳಿಯಿತು. ಎರಡೇ ವರ್ಷದಲ್ಲಿ ಅಷ್ಟೂ ವಾಪಸು ಬಂತು. ಮೊನ್ನೆ ಮೊಣಕಾಲು ನೋವೆಂದು ಹೋದರೆ ಡಾಕ್ಟರು ಕಾಲು ಮುಟ್ಟಿಯೂ ನೋಡಲಿಲ್ಲ, ಮೊದಲು ತೂಕ ಇಳಿಸಿ ಅಂದು ಕಳಿಸಿದರು.

ತೂಕ ಇಳಿದರೆ ದೇಹ ಅದನ್ನು ಬರಗಾಲ ಅಂತಲೇ ತಿಳಿಯುತ್ತದೆ. ಮೆದುಳಿಗೆ 'ಸಾಕಷ್ಟು ದಾಸ್ತಾನಿದೆ' ಎಂದು ಹೇಳುವ ಲೆಪ್ಟಿನ್ ತಗ್ಗುತ್ತದೆ, ಹಸಿವು ಕೆರಳಿಸುವ ಗ್ರೆಲಿನ್ ಏರುತ್ತದೆ. ಸುಮ್ಮನೆ ಕೂತಾಗ ಖರ್ಚಾಗುವ ಶಕ್ತಿಯೂ ಕಡಿಮೆಯಾಗುತ್ತದೆ. ಆಸ್ಟ್ರೇಲಿಯಾದಲ್ಲಿ ತೂಕ ಇಳಿಸಿದವರನ್ನು ಒಂದು ವರ್ಷ ಬಿಟ್ಟು ಪರೀಕ್ಷಿಸಿದಾಗಲೂ ಈ ಹಾರ್ಮೋನುಗಳು ಮೊದಲಿನ ಮಟ್ಟಕ್ಕೆ ಮರಳಿರಲಿಲ್ಲ. 2011ರಲ್ಲಿ ಪ್ರಕಟವಾದ ಅಧ್ಯಯನ ಅದು. ಅಂದರೆ ಆ ಎರಡು ವರ್ಷ ಅಕ್ಕ ತನ್ನ ಹಸಿವಿನ ಜೊತೆ ದಿನಾ ಹೋರಾಡಿದ್ದಾಳೆ. ನಮಗೆ ಯಾರಿಗೂ ಅದು ಕಾಣಲಿಲ್ಲ.

ಅಮೆರಿಕದ ವೈದ್ಯಕೀಯ ಸಂಘ 2013ರಲ್ಲೇ ಬೊಜ್ಜನ್ನು ಕಾಯಿಲೆ ಎಂದು ಒಪ್ಪಿಕೊಂಡಿದೆ. ನಮ್ಮ ದೇಶದವರಿಗೆ ಬಿಎಂಐ (ಎತ್ತರಕ್ಕೆ ತೂಕ ಎಷ್ಟಿದೆ ಎಂಬ ಲೆಕ್ಕ) 25 ದಾಟಿದರೇ ಬೊಜ್ಜು ಅನ್ನುತ್ತಾರೆ. ಹೊಟ್ಟೆಯ ಸುತ್ತ ಸೇರುವ ಕೊಬ್ಬಿನಿಂದ ಸಕ್ಕರೆ ಕಾಯಿಲೆ ನಮಗೆ ಬೇಗ ಬರುತ್ತದೆ. ಹಾಗಾಗಿ ಇದನ್ನು ಹಗುರ ಮಾಡಬೇಡಿ. ನಡಿಗೆ, ಪಥ್ಯ ಎಲ್ಲ ಬೇಕು, ಆದರೆ ಕೆಲವರಿಗೆ ಅಷ್ಟೇ ಸಾಲದು. ಈಗ ಹಸಿವು ತಗ್ಗಿಸುವ ಸೆಮಾಗ್ಲುಟೈಡ್‌ನಂಥ ಔಷಧಿಗಳಿವೆ, ಶಸ್ತ್ರಚಿಕಿತ್ಸೆ ಇದೆ. ಒಂದು ಅಧ್ಯಯನದಲ್ಲಿ ಸೆಮಾಗ್ಲುಟೈಡ್ ನಿಲ್ಲಿಸಿದವರಿಗೆ ವರ್ಷದೊಳಗೆ ಇಳಿದ ತೂಕದ ಮೂರರಲ್ಲಿ ಎರಡು ಪಾಲು ಮರಳಿತ್ತು. ಅಪ್ಪ ಒಮ್ಮೆ ಮಾತ್ರೆ ಬಿಟ್ಟು ಬಿಪಿ ಏರಿದಾಗ ಮನೆಯಲ್ಲಿ ಯಾರೂ ಅವರಿಗೆ ಮನಸ್ಸು ಗಟ್ಟಿ ಇಲ್ಲ ಅನ್ನಲಿಲ್ಲ. ಮಾತ್ರೆ ಶುರು ಮಾಡಿಸಿದೆವು, ಅಷ್ಟೆ.

ಈ ವಾರ ಅಕ್ಕನನ್ನು ಬೇರೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಿದ್ದೇನೆ. ಮೊದಲು ಮೊಣಕಾಲು ನೋಡಲಿ. ಆಮೇಲೆ ಥೈರಾಯ್ಡ್, ಶುಗರ್, ರಾತ್ರಿಯ ಗೊರಕೆ ಎಲ್ಲ ಕೇಳಬೇಕು.

ಮಾಮಿ, ನೀವಿದನ್ನು ಓದುತ್ತೀರಿ ಅಂತ ಗೊತ್ತು. ಮುಂದಿನ ತಿಂಗಳು ನಮ್ಮ ಮನೆಯ ಪೂಜೆಗೆ ಖಂಡಿತ ಬನ್ನಿ. ಅಕ್ಕನ ಎಲೆಗೆ ನಾನೇ ಬಡಿಸುತ್ತೇನೆ, ಎಷ್ಟು ಬೇಕೆಂದು ಅವಳೇ ಹೇಳುತ್ತಾಳೆ.