ಒಂದು ಗಂಟೆಯ ದೊರೆ

ಮುಂಬಯಿಯ ಮುಲುಂಡಿನಲ್ಲಿ ಮೀನೂಟದ ಹೋಟೆಲ್ ನಡೆಸುವ ನಮ್ಮ ಭಾವ ಇಪ್ಪತ್ತೈದು ವರ್ಷ ಮತ್ಸ್ಯಗಂಧ ಎಕ್ಸ್‌ಪ್ರೆಸ್ಸಿನ ಸೈಡ್ ಲೋವರ್ ಬರ್ತಿನಲ್ಲಿ ಕಾಲು ಮಡಚಿಕೊಂಡು ಊರಿಗೆ ಹೋಗಿ ಬಂದವರು. ಕುರ್ಲಾದಿಂದ ಮಂಗಳೂರಿಗೆ ಹದಿನೈದು ಹದಿನಾರು ಗಂಟೆ. ಬೆನ್ನು ನೋವೆಂಬ ಮಾತು ಅವರ ಬಾಯಿಂದ ಬಂದದ್ದಿಲ್ಲ. ಕಳೆದ ತಿಂಗಳು ಮೊಮ್ಮಗುವಿನ ನಾಮಕರಣಕ್ಕೆ ನಾವಿಬ್ಬರೂ ಮಸ್ಕತ್ತಿಗೆ ಹೊರಡಲು ನಾಲ್ಕು ದಿನವಿದೆ ಎನ್ನುವಾಗ ಅವರಿಗೆ ಇದ್ದಕ್ಕಿದ್ದಂತೆ ಬೆನ್ನು ನೋವು ಹತ್ತಿಕೊಂಡಿತು. ಹತ್ತಿಸಿದ್ದು ವಿಮಾನ ಕಂಪನಿಯ ಒಂದು ಈಮೇಲ್.

ಬಿಸಿನೆಸ್ ಕ್ಲಾಸಿಗೆ ಏರಲು ಎಷ್ಟು ಕೊಡುತ್ತೀರಿ, ನೀವೇ ಹೇಳಿ ಎಂದಿತ್ತು ಅದು. ಕೆಳಗೆ ಬೆರಳಿನಿಂದ ಎಳೆಯುವ ಒಂದು ಗೆರೆ. ಎಡಕ್ಕೆ ಕೆಂಪು, ಅಂದರೆ ನಿಮ್ಮ ಕೂಗು ದುರ್ಬಲ. ಬಲಕ್ಕೆ ಹಸಿರು, ಅಂದರೆ ಪ್ರಬಲ. ಸಸೂನ್ ಡಾಕ್‌ನ ಬೆಳಗಿನ ಲಿಲಾವಿನಲ್ಲಿ ಒಂದು ಬುಟ್ಟಿ ಬಂಗುಡೆಗೆ ಐವತ್ತು ರೂಪಾಯಿ ಇಳಿಸಲು ಅರ್ಧ ಗಂಟೆ ಗಂಟಲು ಹರಿದುಕೊಳ್ಳುವ ಮನುಷ್ಯ, "ನನ್ನನ್ನು ದುರ್ಬಲ ಎನ್ನುತ್ತದಲ್ಲೋ ಇದು!" ಎಂದು ಹಟಕ್ಕೆ ಬಿದ್ದು ಬೆರಳನ್ನು ಬಲಕ್ಕೆ ತಳ್ಳುತ್ತ ಹೋದರು. 16,000 ರೂಪಾಯಿಗೆ ಹಸಿರು ಬಂತು, ಮುಖವೂ ಅರಳಿತು. ಡಾಕ್‌ನಲ್ಲಿ ಮೀನಾದರೂ ಕಣ್ಣಿಗೆ ಬೀಳುತ್ತದೆ, ಎದುರು ಕೂಗುವವನೂ ಕಾಣುತ್ತಾನೆ. ಇಲ್ಲಿ ಎದುರಾಳಿ ಇದ್ದಾನೋ ಇಲ್ಲವೋ, ಯಾರಿಗೆ ಗೊತ್ತು?

ಈ ಬೆನ್ನಿನ ಮೇಲೆ ಸರಕಾರಕ್ಕೂ ಕಣ್ಣಿದೆ. ಎಕಾನಮಿ ಟಿಕೆಟ್ಟಿಗೆ ಜಿಎಸ್‌ಟಿ ಶೇ. 5. ಮುಂದಿನ ಸಾಲಿನವರಿಗೆ ಶೇ. 12 ಇದ್ದದ್ದು 2025ರ ಸೆಪ್ಟೆಂಬರ್ 22ರಿಂದ ಶೇ. 18 ಆಗಿದೆ. ಬೆನ್ನು ಒಂದು ಗೇಣು ಹಿಂದಕ್ಕೆ ವಾಲಿದ ತಪ್ಪಿಗೆ ಶೇ. 13 ಹೆಚ್ಚುವರಿ ದಂಡ.

ಇನ್ನು ಹೊತ್ತಿನ ಲೆಕ್ಕ. ಮಸ್ಕತ್ತಿಗೆ ಹಾರಾಟ ಸುಮಾರು ಎರಡೂವರೆ ಗಂಟೆ. ಓಮಾನ್ ನಮಗಿಂತ ಒಂದೂವರೆ ಗಂಟೆ ಹಿಂದೆ. ಇಲ್ಲಿ ನಾಲ್ಕಕ್ಕೆ ಹಾರಿದವನು ಅಲ್ಲಿ ಐದಕ್ಕೆ ಇಳಿಯುತ್ತಾನೆ. ಗೋಡೆ ಗಡಿಯಾರವನ್ನು ನಂಬುವುದಾದರೆ ಭಾವನ ದೊರೆತನ ಒಟ್ಟು ಒಂದು ಗಂಟೆ. ಆ ದಿನ ಜೋಗೇಶ್ವರಿ–ವಿಕ್ರೋಳಿ ಲಿಂಕ್ ರಸ್ತೆಯಲ್ಲಿ ಸಿಕ್ಕಿಕೊಂಡು ಮುಲುಂಡಿನಿಂದ ಸಹಾರ್ ತಲುಪಲು ನಮಗೆ ಒಂದೂಮುಕ್ಕಾಲು ಗಂಟೆ ಹಿಡಿಯಿತು. ಟ್ಯಾಕ್ಸಿಯವನು ಎಸಿಗೆ ಎಂಬತ್ತು ರೂಪಾಯಿ ಹೆಚ್ಚು ಕೇಳಿದ. ಭಾವ ಕಿಟಕಿ ಇಳಿಸಿದರು.

ವಿಮಾನ ನಿಲ್ದಾಣದಲ್ಲಿ ಲೌಂಜಿನ ಬಾಗಿಲಿಗೆ ಹೋದರೆ ರೇಷನ್ ಅಂಗಡಿಯ ಸಾಲು. ಕ್ರೆಡಿಟ್ ಕಾರ್ಡ್ ಉಜ್ಜಿ ಎರಡು ರೂಪಾಯಿಗೆ ಒಳಹೋಗುವವರ ಕ್ಯೂ ಅದು. ಭಾವನ ಹಿಂದೆಯೇ ಕಾರ್ಡ್ ಹಿಡಿದು ನಿಂತಿದ್ದವನು ನಾನು. ಇಬ್ಬರಿಗೂ ಸಿಕ್ಕಿದ್ದು ಅದೇ ಇಡ್ಲಿ, ಅದೇ ಸಾಂಬಾರು. ಭಾವ ಸಾಂಬಾರನ್ನು ಚಮಚದಲ್ಲಿ ಎತ್ತಿ ದೀಪಕ್ಕೆ ಹಿಡಿದರು. "ಬೇಳೆ ಕಾಣಿಸುತ್ತದೆಯಾ ನೋಡು" ಎಂದರು. ನಾನು ನೋಡಿದೆ. ದೀಪ ಚೆನ್ನಾಗಿ ಕಾಣಿಸುತ್ತಿತ್ತು.

ವಿಮಾನ ದೂರ ನಿಂತಿತ್ತು, ಬಸ್ಸಿನಲ್ಲಿ ಹೋಗಬೇಕು. ಬಿಸಿನೆಸ್ ಕ್ಲಾಸಿನವರನ್ನು ಮೊದಲು ಹತ್ತಿಸಿದರು. ಭಾವ ಗಂಭೀರವಾಗಿ ಹತ್ತಿ ಕಂಬ ಹಿಡಿದು ನಿಂತರು. ಉಳಿದವರೆಲ್ಲ ಬರುವ ತನಕ ಬಸ್ಸು ಕದಲಲಿಲ್ಲ. ಬಂದವರು ತಳ್ಳಿ ತಳ್ಳಿ ದೊರೆಯನ್ನು ಆಚೆ ಗಾಜಿಗೆ ಅಂಟಿಸಿದರು. ಕೊನೆಗೆ ಹತ್ತಿ ಬಾಗಿಲಲ್ಲೇ ಜೋತಿದ್ದ ನಾನು ಮೊದಲು ಇಳಿದೆ, ಆದರೆ ಏಣಿಯ ಬುಡದಲ್ಲಿ ನಮ್ಮನ್ನು ತಡೆದು ಭಾವನನ್ನು ಮುಂದೆ ಬಿಟ್ಟರು. ನಮ್ಮ ಲೋಕಲ್ ರೈಲಿನ ಫಸ್ಟ್ ಕ್ಲಾಸೂ ಹೀಗೆಯೇ ಅಲ್ಲವೇ: ಅದೇ ಡಬ್ಬಾ, ಅದೇ ಬೆವರು, ನಡುವೆ ಒಂದು ತಗಡು. ತಗಡಿನ ಆ ಬದಿ ಬೆವರುವುದಕ್ಕೆ ಹಲವು ಪಟ್ಟು ದರ.

ವಿಮಾನದಲ್ಲಿ ತಗಡಿಲ್ಲ, ಪರದೆ ಇದೆ. ಏರುವಾಗ ಇಳಿಯುವಾಗ ಅದು ತೆರೆದಿರಬೇಕೆಂದು ಸುರಕ್ಷತೆಯ ನಿಯಮ. ಹಾಗಾಗಿ ನಡುವಿನ ಹೊತ್ತಿನಲ್ಲಷ್ಟೇ ಮರ್ಯಾದೆ. ನಾನು ಹದಿನಾಲ್ಕನೇ ಸಾಲಿನ ನಡು ಸೀಟಿನವನು. 2009ರಲ್ಲಿ ಶಶಿ ತರೂರ್ ಎಕಾನಮಿಯನ್ನು ತಮಾಷೆಗೆ 'ದನಗಳ ದರ್ಜೆ' ಎಂದು ಟ್ವೀಟ್ ಮಾಡಿ ದೇಶದಿಂದೆಲ್ಲ ಬೈಸಿಕೊಂಡಿದ್ದರು. ಬೈದವರು ಕೊಟ್ಟಿಗೆ ನೋಡಿದವರಲ್ಲ. ಅಲ್ಲಿ ದನಕ್ಕೆ ಮಗ್ಗುಲು ಬದಲಿಸಲು ಜಾಗವಿರುತ್ತದೆ.

ಒಳಹೋಗುವಾಗ ನೋಡಿದೆ: ಮುಂದೆ ಎಂಟು ಸೀಟು, ಕೂತವರು ಮೂವರು. ಐದು ಖಾಲಿ. ಭಾವ ಲಿಲಾವಿನಲ್ಲಿ ಸೋಲಿಸಿದ್ದು ಯಾರನ್ನು ಎಂದು ಆಗ ತಿಳಿಯಿತು. ಬಿಸಿ ಟವೆಲಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು. ಪಕ್ಕದಲ್ಲಿ ಹಾದುಹೋಗುವ ಒಬ್ಬೊಬ್ಬರ ಚೀಲವೂ ಅವರ ಭುಜಕ್ಕೆ ತಾಗುತ್ತಿತ್ತು. ಆದರೂ ಅವರು ಎಲ್ಲರನ್ನೂ ಕತ್ತೆತ್ತಿ ನೋಡುತ್ತಿದ್ದರು, ಮದುವೆ ಮಂಟಪದ ಬಾಗಿಲಲ್ಲಿ ಪನ್ನೀರು ಚಿಮುಕಿಸಲು ನಿಂತವರ ಹಾಗೆ. ಇಡೀ 16,000ದಲ್ಲಿ ಫಲ ಕೊಟ್ಟದ್ದು ಆ ಹತ್ತು ನಿಮಿಷ.

ಮಸ್ಕತ್ತಿನಲ್ಲಿ ಇಬ್ಬರೂ ಒಂದೇ ಬೆಲ್ಟಿನ ಮುಂದೆ ನಿಂತೆವು. ನನ್ನ ಪೆಟ್ಟಿಗೆ ಬಂತು. ಕಿತ್ತಳೆ ಬಣ್ಣದ 'ಆದ್ಯತೆ' ಚೀಟಿ ಕಟ್ಟಿದ್ದ ಭಾವನ ಪೆಟ್ಟಿಗೆ ಇಪ್ಪತ್ತು ನಿಮಿಷ ತಡವಾಗಿ, ಯಾರದೋ ಹಲಸಿನ ಹಪ್ಪಳದ ಡಬ್ಬದ ಹಿಂದೆ ಬಂತು. ಹೊರಗೆ ಅಳಿಯ ಚಿಕ್ಕ ಕಾರು ತಂದಿದ್ದ. ಬಾಣಂತನಕ್ಕೆಂದು ಮೊದಲೇ ಬಂದಿದ್ದ ಅಕ್ಕ ಮುಂದೆ ಕೂತಿದ್ದಳು. ಡಿಕ್ಕಿಯಲ್ಲಿ ಮಗುವಿನ ತೊಟ್ಟಿಲು. ಹಿಂದಿನ ಸೀಟಿನಲ್ಲಿ ಭಾವ ತೊಡೆಯ ಮೇಲೆ ಪೆಟ್ಟಿಗೆ ಹೊತ್ತು, ಮೊಣಕಾಲನ್ನು ಗಲ್ಲಕ್ಕೆ ತಾಗಿಸಿಕೊಂಡು ಕೂತರು. ಮೂಗಿಗೆ ತಾಗುತ್ತಿದ್ದ ಆ ಚೀಟಿಯನ್ನು ಅಕ್ಕ ಹಿಂದಕ್ಕೆ ಕೈ ಚಾಚಿ ಕೀಳಲು ಹೋದಳು.

"ಏ, ಅದನ್ನು ಮುಟ್ಟಬೇಡ" ಎಂದರು ಭಾವ. "ಮುಲುಂಡಿನ ತನಕ ಇರಲಿ. ನಮ್ಮ ಬಿಲ್ಡಿಂಗಿನ ವಾಚ್‌ಮನ್ ನೋಡಬೇಕು."