ಇನ್ಸುಲೇಷನ್ ಇಲ್ಲದ ಲೈನರ್ ಬೇಡವೇ ಬೇಡ

ಬಾಸ್ಟನ್ ಕಡೆ ಹಳೇ ಮನೆ ಕೊಂಡ ಗೆಳೆಯರೊಬ್ಬರು ಚಿಮಣಿ ಲೈನರಿನ, ಅಂದರೆ ಹೊಗೆ ಸಾಗಿಸಲು ಚಿಮಣಿಯೊಳಗೆ ಇಳಿಸುವ ಕೊಳವೆಯ, ಕೊಟೇಶನ್ ಕಳಿಸಿದ್ದಾರೆ. ನೋಡಿದಾಗಿನಿಂದ ಸಿಟ್ಟು ಇಳಿದಿಲ್ಲ. ‘6 ಇಂಚು ಸ್ಟೇನ್‌ಲೆಸ್ ಲೈನರ್, ಟಾಪ್ ಪ್ಲೇಟ್, ಕ್ಯಾಪ್.’ ಇಷ್ಟೇ. ಇನ್ಸುಲೇಷನ್, ಅಂದರೆ ಕೊಳವೆಗೆ ಸುತ್ತುವ ಶಾಖನಿರೋಧಕ ಹೊದಿಕೆ, ಕೇಳಿದ್ದಕ್ಕೆ ಕಂಟ್ರಾಕ್ಟರು ‘ಬೇಕಿದ್ದರೆ ಹಾಕೋಣ’ ಅಂದರಂತೆ. ಸೌದೆ ಉರಿಸುವ ಮನೆಗೆ ಇದು ‘ಬೇಕಿದ್ದರೆ’ ಅನ್ನುವ ವಸ್ತುವೇ ಅಲ್ಲ!

ಅಮೆರಿಕದ ನಿಯಮದಂತೆ ಮನೆಯೊಳಗೆ ಹಾದುಹೋಗುವ ಇಟ್ಟಿಗೆ ಚಿಮಣಿಗೂ ಮರದ ತೊಲೆಗೂ ನಡುವೆ 2 ಇಂಚು ಬಿಡುವಿರಬೇಕು. ಹಳೇ ಮನೆಗಳಲ್ಲಿ ಎಷ್ಟೋ ಕಡೆ ತೊಲೆ ಇಟ್ಟಿಗೆಗೇ ತಾಗಿರುತ್ತದೆ, ಗೋಡೆಯೊಳಗೆ ಇರುವುದರಿಂದ ಕಣ್ಣಿಗೆ ಬೀಳುವುದಿಲ್ಲ. ಬರೀ ಲೋಹದ ಕೊಳವೆ ಬಿಸಿಯನ್ನು ತಡೆಯುವುದಿಲ್ಲ. ಚಿಮಣಿ ಲೈನರುಗಳ ಸುರಕ್ಷತಾ ಮಾನಕವಾದ ಯುಎಲ್ 1777 ಪರೀಕ್ಷೆಯಲ್ಲಿ ಪಾಸಾದ ಲೈನರಿಗೆ ತಯಾರಕರು ಹೇಳಿದ ಇನ್ಸುಲೇಷನ್ನನ್ನೇ, ಸಾಮಾನ್ಯವಾಗಿ ಅರ್ಧ ಇಂಚಿನ ಸೆರಾಮಿಕ್ ಫೈಬರ್ ಹೊದಿಕೆ, ಸುತ್ತಿ ಮೇಲೆ ಸ್ಟೀಲ್ ಜಾಲರಿ ತೊಡಿಸಿದರೆ ಮಾತ್ರ ಅಂಥ ಜಾಗದಲ್ಲಿ ನಿಶ್ಚಿಂತೆ.

ಇನ್ನೊಂದು ಕಾರಣ ಚಳಿ. ಹೊಗೆ ಸುಮಾರು 120 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಾದರೆ ಕ್ರಿಯೋಸೋಟ್ ಎಂಬ ಟಾರಿನಂಥ ಮಸಿ ಕೊಳವೆಗೆ ಮೆತ್ತಿಕೊಳ್ಳುತ್ತದೆ. ಅದಕ್ಕೆ ಬೆಂಕಿ ಹತ್ತಿದರೆ ಶಾಖ 1,100 ಡಿಗ್ರಿ ದಾಟಬಹುದು. ಹೊರಗೋಡೆಯ ಚಿಮಣಿಯಲ್ಲಿ ಬೆತ್ತಲೆ ಲೈನರ್ ಇಳಿಸುವುದೆಂದರೆ ಈ ಮಸಿಯನ್ನು ಕೈಯಾರೆ ಬೆಳೆಸಿದಂತೆ.

‘ನೂರು ವರ್ಷದಿಂದ ಲೈನರೇ ಇಲ್ಲದೆ ಉರಿಸಿದ್ದಾರಲ್ಲ’ ಅನ್ನುವವರಿದ್ದಾರೆ. ಆ ನೂರು ವರ್ಷದಲ್ಲಿ ಇಟ್ಟಿಗೆಯ ಗಾರೆ ಉದುರಿದೆ, ತೊಲೆ ಒಣಗಿ ಸುಟ್ಟಿದೆ. ಬಹುಕಾಲ ಬಿಸಿಯುಂಡ ಮರಕ್ಕೆ ಕಡಿಮೆ ಶಾಖಕ್ಕೂ ಬೆಂಕಿ ಹತ್ತುತ್ತದೆ. ಆ ವಾದಕ್ಕೆ ಇಷ್ಟು ಸಾಕು.

ಇನ್ಸುಲೇಷನ್ ಬಿಡುವುದಕ್ಕೆ ನಿಜವಾದ ಕಾರಣ ಬೇರೆ. ಎಷ್ಟೋ ಚಿಮಣಿಗಳಲ್ಲಿ ಮೊದಲೇ ಇರುವ ‘8×8’ ಇಂಚಿನ ಸುಟ್ಟ ಮಣ್ಣಿನ ಕೊಳವೆಯೊಳಗೆ ಸಿಗುವುದು ಸುಮಾರು 7 ಇಂಚು. 6 ಇಂಚಿನ ಲೈನರಿಗೆ ಹೊದಿಕೆ ಸುತ್ತಿದರೆ ಅಡ್ಡಳತೆಯೇ 7 ದಾಟುತ್ತದೆ, ಇಳಿಯುವುದಿಲ್ಲ. ಮೊದಲು ಡ್ರಿಲ್ಲಿಗೆ ಸರಪಳಿ ಕಟ್ಟಿ ಹಳೇ ಮಣ್ಣಿನ ಕೊಳವೆ ಒಡೆದು ತೆಗೆಯಬೇಕು. ದೂಳಿನ, ಬೆವರಿನ ಕೆಲಸ. ಅದನ್ನು ತಪ್ಪಿಸಲೆಂದೇ ‘ಬೇಕಿದ್ದರೆ’ ಎಂಬ ಮಾತು.

6 ಇಂಚು ಸಾಕಾಗುವುದೂ ಗೆಳೆಯರು ಇನ್ಸರ್ಟ್ ಸ್ಟೌ, ಅಂದರೆ ಅಗ್ಗಿಷ್ಟಿಕೆಯ ಬಾಯೊಳಗೆ ಕೂರುವ ಮುಚ್ಚಿದ ಒಲೆ, ಕೂರಿಸುತ್ತಿರುವುದರಿಂದ. ತೆರೆದ ಅಗ್ಗಿಷ್ಟಿಕೆಗೆ ಲೆಕ್ಕ ಬೇರೆ: ಬಾಯಿ 36×30 ಇಂಚಾದರೆ 1,080 ಚದರ ಇಂಚು, ದುಂಡು ಕೊಳವೆಗೆ ಅದರ ಹನ್ನೆರಡನೇ ಒಂದು ಪಾಲು, ಅಂದರೆ 90. 6 ಇಂಚಿನ ಕೊಳವೆಯಲ್ಲಿರುವುದು 28. ಹೊಗೆಯೆಲ್ಲ ನಡುಮನೆಗೇ ಬರುತ್ತದೆ.

ಗೆಳೆಯರಿಗೆ ಬರೆದಿದ್ದೇನೆ: ಮೊದಲು ಹಳೇ ಮಸಿ ಪೂರ್ತಿ ಗುಡಿಸಿಸಿ, ಲೈನರಿನ ಹಿಂದೆ ಉಳಿದರೆ ಅದೂ ಹೊತ್ತಿಕೊಳ್ಳುತ್ತದೆ. ಚಿಮಣಿಯೊಳಗೆ ಕ್ಯಾಮೆರಾ ಇಳಿಸಿ ತೆಗೆದ ವಿಡಿಯೊ ಕೇಳಿ. ಮನೆ ಕೈಬದಲಾದಾಗ ಅಮೆರಿಕದ ಚಿಮಣಿ ಸುರಕ್ಷತೆಯ ಮಾನಕ ಎನ್‌ಎಫ್‌ಪಿಎ 211 ಹೇಳುವ ಎರಡನೇ ಹಂತದ ತಪಾಸಣೆಯೂ ಅದೇ. ಕೊಟೇಶನ್ನಿನಲ್ಲಿ ಲೈನರಿನ ಸ್ಟೀಲ್ ಗ್ರೇಡ್ 316, ಹೊದಿಕೆಯ ದಪ್ಪ, ಯುಎಲ್ 1777 ಮೂರೂ ಬರೆಸಿ. ಅದು ಕೈಸೇರಿ ಕೆಲಸ ಮುಗಿಯುವವರೆಗೆ ಆ ಅಗ್ಗಿಷ್ಟಿಕೆಯಲ್ಲಿ ಒಂದು ಕಡ್ಡಿಯನ್ನೂ ಗೀರಬೇಡಿ.